ಪೆನ್ಸಿಲ್ ಹಿಡಿದ ಪತ್ತೇದಾರ

ಬಾಗಲಕೋಟೆಯ ತಗ್ಗಿನ ಓಣಿಗಳು ಆಲಮಟ್ಟಿ ಹಿನ್ನೀರಿನ ಪಾಲಾದಾಗ ಜನರೊಂದಿಗೆ ಪುಸ್ತಕಗಳೂ ನವನಗರಕ್ಕೆ ಬಂದವು. ಹಾಗೆ ಬಂದ, ಇಂದ್ರಜಾಲ ಕಾಮಿಕ್ಸ್ ಎಂಬ ಹಳೆಯ ಚಿತ್ರಕಥೆ ಮಾಲೆಯ ನಾಲ್ಕು ಇಂಗ್ಲಿಷ್ ಸಂಪುಟಗಳು, ರಟ್ಟು ಕಟ್ಟಿದವು, ಕಳೆದ ಬೇಸಿಗೆಯಲ್ಲಿ ಗ್ರಂಥಾಲಯದ ಕೆಳಗಿನ ಅರೆಯಲ್ಲಿ ನನಗೆ ಸಿಕ್ಕವು.

"ಫ್ಯಾಂಟಮ್ ಕಥೆಗಳೇನ್ರೀ ಅಕ್ಕಾವರೆ?" ಎಂದು ಗ್ರಂಥಪಾಲಕರು ಕೇಳಿದರು. ಅಲ್ಲ, ನನಗೆ ಬೇಕಿದ್ದವನು ರಿಪ್ ಕರ್ಬಿ. ಮುಷ್ಟಿಗಿಂತ ಮೊದಲು ತಲೆ ಓಡಿಸುವ, ಕನ್ನಡಕ ಹಾಕಿದ ಪತ್ತೇದಾರ. ಅಮೆರಿಕದ ಚಿತ್ರಕಾರ ಅಲೆಕ್ಸ್ ರೇಮಂಡ್ 1946ರಲ್ಲಿ ಅವನನ್ನು ಬರೆಯತೊಡಗಿದರು. 1956ರಲ್ಲಿ ಅವರು ಕಾರು ಅಪಘಾತದಲ್ಲಿ ತೀರಿಕೊಂಡ ಮೇಲೆ ಜಾನ್ ಪ್ರೆಂಟಿಸ್ ಮುಂದುವರಿಸಿದರು.

ಮೊದಲ ಸಂಪುಟವನ್ನು ಒಂದೇ ಮಧ್ಯಾಹ್ನ ಗಬಗಬನೆ ಓದಿ ಕೆಡಿಸಿಕೊಂಡೆ. ಇವು ಮೂಲದಲ್ಲಿ ದಿನಪತ್ರಿಕೆಯ ಕಥೆಗಳು. ದಿನಕ್ಕೆ ಮೂರ್ನಾಲ್ಕು ಚೌಕಟ್ಟುಗಳ ಒಂದು ಸಾಲು, ಕೊನೆಗೆ ನಾಳೆಯವರೆಗೆ ಕಾಯಿಸುವ ಒಂದು ಗಂಟು. ಕಾಯದೆ ಓದಿದರೆ ಗಂಟು ಬಿಗಿಯುವುದೇ ಇಲ್ಲ. ಎರಡನೆಯದಕ್ಕೆ ಅಡುಗೆಮನೆಯಲ್ಲಿ ಉಪಾಯ ಹೊಳೆಯಿತು: ಒಂದು ರೊಟ್ಟಿ, ಒಂದು ಸಾಲು. ನನ್ನ ಕೈಯೆಲ್ಲ ಜೋಳದ ಹಿಟ್ಟು, ಆದ್ದರಿಂದ ಪುಟ ತಿರುಗಿಸುವುದು ಮಗಳ ಕೆಲಸ. ಹಂಚಿನ ಮೇಲೆ ರೊಟ್ಟಿ ಬೇಯುವಷ್ಟು ಹೊತ್ತು ಓದು, ಮುಂದಿನದನ್ನು ಬಡಿಯುವಷ್ಟು ಹೊತ್ತು ವಾದ. ಕರ್ಬಿಯ ಮನೆಯಾಳು ಡೆಸ್ಮಂಡ್ ಹಿಂದೆ ಕನ್ನ ಹಾಕುತ್ತಿದ್ದವನು. ಬೀಗ ತೆರೆಯುವ ಪ್ರಸಂಗ ಬಂದರೆ ಮಗಳ ಕಣ್ಣು ಅವನ ಮೇಲೆಯೇ. ಎರಡು ರೊಟ್ಟಿ ಸೀದವು, ಅದು ಲೆಕ್ಕಕ್ಕಿಲ್ಲ.

ನಮ್ಮ ವಾದದಲ್ಲಿ ಮೂರನೆಯವನೊಬ್ಬನೂ ಇದ್ದ. ಯಾವ ಕಾಲದ ಓದುಗನೋ, ಅಂಚಿನಲ್ಲೆಲ್ಲ ಪೆನ್ಸಿಲ್ ಆಡಿಸಿದ್ದ. 'ಅಲಿಬೈ' ಎಂಬ ಪದದ ಮೇಲೆ ಸಣ್ಣ ಅಕ್ಷರಗಳಲ್ಲಿ "ಆಗ ನಾನು ಅಲ್ಲಿರಲೇ ಇಲ್ಲ ಎಂಬ ಸಬೂಬು" ಎಂದು ಬರೆದಿದ್ದ, ನಿಘಂಟಿಗಿಂತ ಚೆನ್ನಾಗಿದೆ. ಆದರೆ ಪತ್ತೇದಾರಿಕೆಯಲ್ಲಿ ಅವನದು ಶುದ್ಧ ಕೈಲಾಗದ ಕೆಲಸ. ತೆಳು ಮೀಸೆಯವನ ಕಡೆಗೆ ಬಾಣ ಎಳೆದು "ಇವನೇ" ಎನ್ನುತ್ತಾನೆ, ಎರಡು ಪುಟದ ನಂತರ ವಿಧವೆಯ ಕಡೆಗೆ "ಅಲ್ಲ, ಇವಳೇ". ಇಬ್ಬರೂ ಅಲ್ಲ. ಮುಂದಿನ ಕಥೆಯಲ್ಲಿಯೂ ಅದೇ ಪಾಡು.

ನಾಲ್ಕನೆಯ ಸಂಪುಟದ ಕೊನೆಯ ಹಾಳೆಯೇ ಇರಲಿಲ್ಲ. ರಟ್ಟಿನ ಒಳಬದಿಯಲ್ಲಿ ಅದೇ ಪೆನ್ಸಿಲ್ಲಿನ ಒಂದೇ ಪದ: "ನರ್ಸ್". ನರ್ಸ್ ನಿರಪರಾಧಿ ಎಂದು ನಾನೂ ಮಗಳೂ ಆ ಕ್ಷಣವೇ ತೀರ್ಪು ಕೊಟ್ಟೆವು.