ಅಮೆರಿಕದ ಇತಿಹಾಸ ನಡೆದ ಹೋಟೆಲುಗಳಲ್ಲಿ ತಂಗುವ ಬಗೆ

ಅಮೆರಿಕದ ದೊಡ್ಡ ನಗರಗಳಲ್ಲಿ ಹಳೆಯ ಐಷಾರಾಮಿ ಹೋಟೆಲುಗಳಿಗೆ ಕೊರತೆಯಿಲ್ಲ. ತಮ್ಮಲ್ಲಿ ಇಳಿದುಕೊಂಡ ಅಧ್ಯಕ್ಷರ ಮತ್ತು ಗಣ್ಯರ ಪಟ್ಟಿಯನ್ನು ಅವು ಹೆಮ್ಮೆಯಿಂದ ಮುಂದಿಡುತ್ತವೆ. ಇತಿಹಾಸಕ್ಕಾಗಿಯೇ ಹೆಚ್ಚು ಹಣ ತೆತ್ತು ತಂಗಬೇಕೆನ್ನುವವರು ಈ ಪಟ್ಟಿಗಳನ್ನು ನೋಡಿ ಹೋಟೆಲನ್ನು ಆರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಘಟನೆಯನ್ನು ಆರಿಸಿಕೊಳ್ಳಬೇಕು. ಆ ಘಟನೆ ನಡೆದ ಕಟ್ಟಡ, ಸಾಧ್ಯವಾದರೆ ಆ ಸಭಾಂಗಣವೇ, ಇಂದಿಗೂ ನಿಂತಿದೆಯೇ ಎಂದು ವಿಚಾರಿಸಬೇಕು. ಕೊಠಡಿಯ ಮಾತು ಅದಾದ ಮೇಲೆ.

ಈ ಕ್ರಮ ಏಕೆ ಮುಖ್ಯವೆಂಬುದನ್ನು ವಾಷಿಂಗ್ಟನ್ನಿನ ವಿಲ್ಲರ್ಡ್ ಹೋಟೆಲ್ ಚೆನ್ನಾಗಿ ತೋರಿಸಿಕೊಡುತ್ತದೆ. ಶ್ವೇತಭವನಕ್ಕೆ ಕೂಗಳತೆಯಲ್ಲಿ, ಪೆನ್ಸಿಲ್ವೇನಿಯಾ ಅವೆನ್ಯೂದಲ್ಲಿರುವ ಈ ಹೋಟೆಲಿಗೆ ಅಬ್ರಹಾಂ ಲಿಂಕನ್ 1861ರ ಫೆಬ್ರವರಿ 23ರ ಬೆಳಗಿನ ಜಾವ, ಬಾಲ್ಟಿಮೋರಿನಲ್ಲಿ ತಮ್ಮ ಹತ್ಯೆಗೆ ಸಂಚು ನಡೆದಿದೆ ಎಂಬ ಸುದ್ದಿಯ ಕಾರಣ ಗುಟ್ಟಾಗಿ ಬಂದಿಳಿದರು ಮತ್ತು ಮಾರ್ಚ್ 4ರಂದು ಪ್ರಮಾಣವಚನ ಸ್ವೀಕರಿಸುವವರೆಗೆ ಅಲ್ಲಿಯೇ ಇದ್ದರು. ಅವರ ಕುಟುಂಬದ ಬಿಲ್ಲು 773 ಡಾಲರ್ 75 ಸೆಂಟ್ ಆಗಿತ್ತು. ಆದರೆ ಇಂದು ನಾವು ಕಾಣುವ ಕಟ್ಟಡ ಹೆನ್ರಿ ಹಾರ್ಡನ್‌ಬರ್ಗ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಂತೆ 1901ರಲ್ಲಿ ತೆರೆದದ್ದು. ಲಿಂಕನ್ ಮಲಗಿದ ಕೋಣೆ ಈಗ ಇಲ್ಲ. ಇದೇ ಹೊಸ ಕಟ್ಟಡದಲ್ಲಿ 1963ರ ಆಗಸ್ಟ್ 27ರ ರಾತ್ರಿ ಮಾರ್ಟಿನ್ ಲೂಥರ್ ಕಿಂಗ್ ಮರುದಿನದ ತಮ್ಮ ಪ್ರಸಿದ್ಧ ಭಾಷಣವನ್ನು ತಿದ್ದುತ್ತ ಕುಳಿತಿದ್ದರು. ಆದ್ದರಿಂದ ಲಿಂಕನ್‌ಗಾಗಿ ವಿಲ್ಲರ್ಡ್‌ಗೆ ಹೋಗುವವರಿಗೆ ದೊರೆಯುವುದು ನಿವೇಶನ ಮಾತ್ರ. ಕಿಂಗ್‌ಗಾಗಿ ಹೋಗುವವರಿಗೆ ಕಟ್ಟಡವೇ ದೊರೆಯುತ್ತದೆ. 1968ರಲ್ಲಿ ಬಾಗಿಲು ಮುಚ್ಚಿ, ಹದಿನೆಂಟು ವರ್ಷ ಪಾಳುಬಿದ್ದು, 1986ರಲ್ಲಿ ದುರಸ್ತಿಗೊಂಡು ಮತ್ತೆ ತೆರೆದ ಕಟ್ಟಡ ಅದು ಎಂಬುದನ್ನೂ ನೆನಪಿಡಬೇಕು. ಒಳಗಿನ ಅತಿಥಿ ಕೊಠಡಿಗಳು ಹಳೆಯವಲ್ಲ, ಲಾಬಿಯ ವೈಭವ ಹಳೆಯದು.

ಇಂಥ ವಿವರಗಳನ್ನು ತಿಳಿಯಲು ಹೋಟೆಲಿನ ಜಾಹೀರಾತು ಸಾಲದು. ಕಟ್ಟಡ ಕಟ್ಟಿದ ವರ್ಷ, ಸುಟ್ಟ ಅಥವಾ ಕೆಡವಿದ ವರ್ಷ, ದುರಸ್ತಿಯ ವರ್ಷ, ಈ ಮೂರನ್ನು ಕೇಳಿ ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ನೋಂದಣಿಯಲ್ಲಿ ಹೋಟೆಲಿನ ಹೆಸರಿದ್ದರೆ ಅಲ್ಲಿನ ದಾಖಲೆಯಲ್ಲಿ ಕಟ್ಟಡದ ಚರಿತ್ರೆ ಸಾಮಾನ್ಯವಾಗಿ ವಿವರವಾಗಿಯೇ ಇರುತ್ತದೆ. ಐತಿಹಾಸಿಕ ಸಂರಕ್ಷಣೆಯ ರಾಷ್ಟ್ರೀಯ ಟ್ರಸ್ಟ್ 1989ರಲ್ಲಿ ಆರಂಭಿಸಿದ ‘ಹಿಸ್ಟಾರಿಕ್ ಹೋಟೆಲ್ಸ್ ಆಫ್ ಅಮೆರಿಕ’ ಎಂಬ ಕೂಟದ ಪಟ್ಟಿಯೂ ಉಪಯುಕ್ತ. ಕನಿಷ್ಠ ಐವತ್ತು ವರ್ಷ ಹಳೆಯದಾದ, ಚಾರಿತ್ರಿಕ ಮಹತ್ವ ಮನ್ನಣೆ ಪಡೆದ ಕಟ್ಟಡಗಳನ್ನಷ್ಟೇ ಅದು ಸೇರಿಸಿಕೊಳ್ಳುತ್ತದೆ. ಆದರೂ ಕಥೆ ಬೇರೆ, ದಾಖಲೆ ಬೇರೆ. ಬಾಸ್ಟನ್ನಿನ ಪಾರ್ಕರ್ ಹೌಸ್ ಎಂಬ ಹೋಟೆಲಿನಲ್ಲಿ, ಮುಂದೆ ಅಧ್ಯಕ್ಷರಾದ ಜಾನ್ ಕೆನಡಿ ತಮ್ಮ ಭಾವೀ ಪತ್ನಿಗೆ ಮದುವೆಯ ಪ್ರಸ್ತಾಪ ಮಾಡಿದ್ದು 40ನೆಯ ಮೇಜಿನಲ್ಲಿ ಎಂದು ಹೇಳುತ್ತಾರೆ. ವಾಷಿಂಗ್ಟನ್ನಿನ ಜಾರ್ಜ್‌ಟೌನ್‌ನಲ್ಲಿರುವ ಮಾರ್ಟಿನ್ಸ್ ಟ್ಯಾವರ್ನ್ ಎಂಬ ಉಪಾಹಾರ ಗೃಹವೂ ಅದೇ ಘಟನೆ ತನ್ನಲ್ಲಿ ನಡೆಯಿತೆನ್ನುತ್ತದೆ. ಇಂಥಲ್ಲಿ ಎರಡನ್ನೂ ಕೇಳಿಸಿಕೊಂಡು, ಅದಕ್ಕಾಗಿ ಹೆಚ್ಚುವರಿ ಹಣ ಕೊಡದೆ ಬರುವುದೇ ಸರಿ.

ಒಂದೇ ಹೋಟೆಲಿಗೆ ಹೋಗುವ ಅವಕಾಶವಿದ್ದರೆ ನಾನು ಹೇಳುವುದು ನ್ಯೂ ಹ್ಯಾಂಪ್‌ಷೈರಿನ ಬ್ರೆಟನ್ ವುಡ್ಸ್‌ನಲ್ಲಿರುವ ಮೌಂಟ್ ವಾಷಿಂಗ್ಟನ್ ಹೋಟೆಲ್. ಜೋಸೆಫ್ ಸ್ಟಿಕ್ನಿ ಎಂಬ ಉದ್ಯಮಿ ಕಟ್ಟಿಸಿ 1902ರಲ್ಲಿ ತೆರೆದ, ಬಿಳಿ ಗೋಡೆ ಕೆಂಪು ಸೂರಿನ ಈ ಮಹಾ ಕಟ್ಟಡದಲ್ಲಿ 1944ರ ಜುಲೈ 1ರಿಂದ 22ರವರೆಗೆ 44 ರಾಷ್ಟ್ರಗಳ ನಿಯೋಗಗಳು ಸೇರಿ, ಯುದ್ಧಾನಂತರದ ಹಣಕಾಸು ವ್ಯವಸ್ಥೆಯನ್ನು ರೂಪಿಸಿದವು. ಅಂತಾರಾಷ್ಟ್ರೀಯ ಹಣಕಾಸು ನಿಧಿ ಮತ್ತು ವಿಶ್ವ ಬ್ಯಾಂಕ್ ಎರಡೂ ಹುಟ್ಟಿದ್ದು ಇಲ್ಲಿಯೇ. ಇನ್ನೂ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತಕ್ಕೂ ಅಲ್ಲಿ ಪ್ರತ್ಯೇಕ ನಿಯೋಗವಿತ್ತು. ಬ್ರಿಟಿಷ್ ಭಾರತ ಸರ್ಕಾರದ ಹಣಕಾಸಿನ ಹೊಣೆ ಹೊತ್ತಿದ್ದ ಜೆರೆಮಿ ರೈಸ್ಮನ್ ಅದರ ಮುಖ್ಯಸ್ಥರಾಗಿದ್ದರು. ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಸಿ.ಡಿ. ದೇಶಮುಖ್, ಮುಂದೆ ಸ್ವತಂತ್ರ ಭಾರತದ ಮೊದಲ ಹಣಕಾಸು ಸಚಿವರಾದ ಆರ್.ಕೆ. ಷಣ್ಮುಖಂ ಚೆಟ್ಟಿ ಮತ್ತು ಉದ್ಯಮಿ ಎ.ಡಿ. ಶ್ರಾಫ್ ಅದರಲ್ಲಿದ್ದರು. ಯುದ್ಧಕಾಲದಲ್ಲಿ ಬ್ರಿಟನ್ ಭಾರತದಿಂದ ಪಡೆದ ಸರಕು ಮತ್ತು ಸೇವೆಗಳಿಗೆ ಕೊಡಬೇಕಾಗಿ ಉಳಿದಿದ್ದ ಸ್ಟರ್ಲಿಂಗ್ ಬಾಕಿಯ ಪ್ರಶ್ನೆಯನ್ನು ಅವರು ಅಲ್ಲಿ ಎತ್ತಿದರು; ಅದು ಎರಡು ದೇಶಗಳ ನಡುವಿನ ಲೆಕ್ಕವೆಂದು ಬ್ರಿಟನ್ನಿನ ಪರವಾಗಿ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ನಿಲುವು ತಳೆದದ್ದರಿಂದ ನಿಧಿಯ ಹೊಣೆಗೆ ಅದು ಬರಲಿಲ್ಲ. ಈ ವಾದ ನಡೆದ ಸೂರಿನಡಿ ನಿಲ್ಲುವುದು ಭಾರತೀಯರಾದ ನಮಗೆ ಯಾವ ಅಧ್ಯಕ್ಷರ ಹಾಸಿಗೆಗಿಂತಲೂ ಹತ್ತಿರದ ಸಂಗತಿ ಎಂದು ನಾನು ನಂಬುತ್ತೇನೆ.

ಬಾಸ್ಟನ್ನಿನಿಂದ ಕಾರಿನಲ್ಲಿ ಅಲ್ಲಿಗೆ ಸುಮಾರು ಮೂರು ಗಂಟೆಯ ದಾರಿ. 1944ರ ಆ ಸಭೆಯ ಒಪ್ಪಂದದ ನೆನಪನ್ನು ಉಳಿಸಿಕೊಂಡಿರುವ ಗೋಲ್ಡ್ ರೂಮ್ ಎಂಬ ಚಿಕ್ಕ ಕೋಣೆ ನೆಲಮಹಡಿಯಲ್ಲಿದೆ. 1944ರಲ್ಲಿ ಯಾರು ಎಲ್ಲಿ ತಂಗಿದ್ದರೆಂಬ ಫಲಕಗಳನ್ನು ಕೊಠಡಿಗಳ ಬಾಗಿಲುಗಳಲ್ಲಿ ನೋಡಬಹುದು. ಹೋಟೆಲಿನವರು ಇತಿಹಾಸ ಪರಿಚಯಕ್ಕಾಗಿ ಕಟ್ಟಡವನ್ನು ಸುತ್ತಾಡಿಸುವ ಸಮಯವನ್ನು ಕೊಠಡಿ ಕಾಯ್ದಿರಿಸುವಾಗಲೇ ಕೇಳಿ, ಅದಕ್ಕೆ ಹೊಂದುವ ದಿನವನ್ನು ಆರಿಸಬೇಕು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಎಲೆಗಳು ಬಣ್ಣ ತಿರುಗುವ ಕಾಲದಲ್ಲಿ ಬಾಡಿಗೆ ಬಹಳ ಏರುತ್ತದೆ. ಸಭಾಂಗಣಗಳು ಮದುವೆಗಳಿಗೆ ಹೋಗಿರುವ ಸಾಧ್ಯತೆ ವಾರಾಂತ್ಯದಲ್ಲಿ ಹೆಚ್ಚು. ಇತಿಹಾಸವನ್ನು ನೋಡಲೆಂದೇ ಹೋಗುವವರಿಗೆ ವಾರದ ನಡುವಿನ ದಿನಗಳೇ ಅನುಕೂಲ.

ಪಶ್ಚಿಮ ಕರಾವಳಿಗೆ ಹೋಗುವವರು ಸ್ಯಾನ್ ಫ್ರಾನ್ಸಿಸ್ಕೋದ ನಾಬ್ ಹಿಲ್ ಮೇಲಿನ ಫೇರ್‌ಮಾಂಟ್ ಹೋಟೆಲನ್ನು ಗಮನಿಸಬಹುದು. 1906ರ ಭೂಕಂಪದ ಬೆಂಕಿಯಲ್ಲಿ ಒಳಗೆಲ್ಲ ಸುಟ್ಟುಹೋದ ಈ ಕಟ್ಟಡವನ್ನು ಜೂಲಿಯಾ ಮಾರ್ಗನ್ ಎಂಬ ವಾಸ್ತುಶಿಲ್ಪಿ ಒಂದೇ ವರ್ಷದಲ್ಲಿ ಸಿದ್ಧಗೊಳಿಸಿದರು. 1945ರಲ್ಲಿ ವಿಶ್ವಸಂಸ್ಥೆಯ ಸನ್ನದು ರೂಪುಗೊಂಡ ವಾರಗಳಲ್ಲಿ ಅಮೆರಿಕದ ನಿಯೋಗ ಬೀಡುಬಿಟ್ಟಿದ್ದು ಇಲ್ಲಿ. ಆ ಸಮ್ಮೇಳನದಲ್ಲಿ ಭಾರತದ ಪರವಾಗಿ ಸನ್ನದಿಗೆ ಸಹಿ ಹಾಕಿದ ಅರ್ಕಾಟ್ ರಾಮಸ್ವಾಮಿ ಮುದಲಿಯಾರ್ ಮರುವರ್ಷವೇ ಮೈಸೂರಿನ ದಿವಾನರಾದರು. ಇಲ್ಲಿ ಕೊಠಡಿ ಹಿಡಿಯುವಾಗ ಮೂಲ ಕಟ್ಟಡವನ್ನೇ ಕೇಳಬೇಕು. 1961ರಲ್ಲಿ ಸೇರಿಸಿದ ಗೋಪುರದಿಂದ ಕೊಲ್ಲಿಯ ನೋಟ ಚೆನ್ನಾಗಿದ್ದರೂ ಆ ಕಾಲದ ನಂಟು ಅದಕ್ಕಿಲ್ಲ. ಅದೇ ನಗರದ ಪ್ಯಾಲೇಸ್ ಹೋಟೆಲಿನಲ್ಲಿ ಅಧ್ಯಕ್ಷ ಹಾರ್ಡಿಂಗ್ 1923ರ ಆಗಸ್ಟ್ 2ರಂದು ತೀರಿಕೊಂಡರು. ಉಪಾಧ್ಯಕ್ಷರಾಗಿ ವಿಲ್ಲರ್ಡ್‌ನಲ್ಲಿ ವಾಸವಿದ್ದ ಕೂಲಿಜ್, ಅಧ್ಯಕ್ಷರಾದ ಮೇಲೂ ಹಾರ್ಡಿಂಗ್ ಅವರ ಪತ್ನಿ ಶ್ವೇತಭವನವನ್ನು ತೆರವು ಮಾಡುವವರೆಗೆ ಆ ಹೋಟೆಲಿನಿಂದಲೇ ಆಡಳಿತ ನಡೆಸಿದರು.

ಪಶ್ಚಿಮ ವರ್ಜೀನಿಯಾದ ವೈಟ್ ಸಲ್ಫರ್ ಸ್ಪ್ರಿಂಗ್ಸ್‌ನಲ್ಲಿರುವ ಗ್ರೀನ್‌ಬ್ರೈಯರ್ ಹೋಟೆಲ್ ಬೇರೆಯೇ ಬಗೆಯದು. ಅಣ್ವಸ್ತ್ರ ಯುದ್ಧವಾದರೆ ಅಮೆರಿಕದ ಸಂಸತ್ತು ಅಡಗಿ ಕೆಲಸ ನಡೆಸಲೆಂದು ಇದರ ಒಂದು ಪಾರ್ಶ್ವದ ಕೆಳಗೆ 1958ರಿಂದ 1961ರವರೆಗೆ ಗುಪ್ತವಾಗಿ ನೆಲಮಾಳಿಗೆಯೊಂದನ್ನು ಕಟ್ಟಲಾಯಿತು. ಅದರ ಭಾಗವಾಗಿದ್ದ ಪ್ರದರ್ಶನಾಂಗಣದಲ್ಲಿ ಮೂವತ್ತು ವರ್ಷ ಅತಿಥಿಗಳು ಏನೂ ತಿಳಿಯದೆ ಓಡಾಡಿದರು. 1992ರಲ್ಲಿ ಪತ್ರಿಕಾ ವರದಿಯಿಂದ ಗುಟ್ಟು ಬಯಲಾಯಿತು. ಈಗ ಶುಲ್ಕ ಕೊಟ್ಟು ಅದನ್ನು ನೋಡಬಹುದು, ಆದರೆ ಮುಂಚಿತವಾಗಿ ಕಾಯ್ದಿರಿಸಬೇಕು, ಫೋನು ಮತ್ತು ಕ್ಯಾಮೆರಾ ಒಳಗೆ ಒಯ್ಯುವಂತಿಲ್ಲ. ವಾಷಿಂಗ್ಟನ್ನಿನಿಂದ ವಾರಕ್ಕೆ ಮೂರು ದಿನ ಹೊರಡುವ ‘ಕಾರ್ಡಿನಲ್’ ರೈಲು ಹೋಟೆಲಿನ ಎದುರಿನ ನಿಲ್ದಾಣದಲ್ಲೇ ನಿಲ್ಲುವುದರಿಂದ ಕಾರು ಓಡಿಸಲಾಗದವರಿಗೂ ಇದು ಸಾಧ್ಯ. ಸಂಜೆಯ ಊಟಕ್ಕೆ ಉಡುಪಿನ ನಿಯಮವಿರುವ ಹೋಟೆಲುಗಳು ಇನ್ನೂ ಇವೆ. ಪೆಟ್ಟಿಗೆ ತುಂಬುವ ಮೊದಲೇ ವಿಚಾರಿಸುವುದು ಒಳ್ಳೆಯದು.

ಕೊಠಡಿಯ ವಿಷಯದಲ್ಲಿ ನನ್ನ ಸಲಹೆ ಸರಳವಾಗಿದೆ: ಅಧ್ಯಕ್ಷರ ಹೆಸರಿಟ್ಟ ದುಬಾರಿ ಕೋಣೆಗಳನ್ನು ಬಿಟ್ಟು, ಮೂಲ ಕಟ್ಟಡದಲ್ಲಿರುವ ಅತಿ ಕಡಿಮೆ ದರದ ಕೊಠಡಿಯನ್ನು ಹಿಡಿಯಿರಿ, ಏಕೆಂದರೆ ಇತಿಹಾಸ ನಡೆದದ್ದು ಹೆಚ್ಚಾಗಿ ಸಭಾಂಗಣ, ಊಟದ ಮನೆ ಮತ್ತು ಲಾಬಿಗಳಲ್ಲಿ, ಮತ್ತು ಅವು ಎಲ್ಲ ಅತಿಥಿಗಳಿಗೂ ತೆರೆದಿರುತ್ತವೆ. ಹಳೆಯ ಕಟ್ಟಡಗಳ ಕೊಠಡಿಗಳು ಚಿಕ್ಕವಾಗಿರಬಹುದು, ಕಿಟಕಿ ಒಳಾಂಗಣದ ಗೋಡೆಗೆ ತೆರೆದಿರಬಹುದು. ಊರಿನಿಂದ ಬಂದ ತಂದೆತಾಯಿಯರನ್ನು ಕರೆದುಕೊಂಡು ಹೋಗುವವರು ಎತ್ತರದ ಸ್ನಾನದ ತೊಟ್ಟಿಯನ್ನು ಹತ್ತಿಳಿಯಬೇಕಾಗುತ್ತದೆಯೇ, ಕೊಠಡಿ ಲಿಫ್ಟಿನಿಂದ ಎಷ್ಟು ದೂರ ಎಂಬುದನ್ನು ದೂರವಾಣಿಯಲ್ಲೇ ಕೇಳಬೇಕು. ಮೊಟ್ಟೆಯನ್ನೂ ತಿನ್ನದವರು ಅದನ್ನು ಬಿಡಿಸಿ ಹೇಳಬೇಕು. ಪಾರ್ಕರ್ ಹೌಸ್‌ನ ಹೆಸರಾಂತ ಬಾಸ್ಟನ್ ಕ್ರೀಮ್ ಪೈ ಎಂಬ ಸಿಹಿ ತಿನಿಸಿನಲ್ಲಿ ಮೊಟ್ಟೆಯಿದೆ.

ಖರ್ಚಿನ ಲೆಕ್ಕಕ್ಕೆ ಬರುವುದಾದರೆ, ಕಡ್ಡಾಯ ಶುಲ್ಕಗಳನ್ನು ಸೇರಿಸಿಯೇ ಒಟ್ಟು ದರ ತೋರಿಸಬೇಕೆಂಬ ಅಮೆರಿಕ ಸರ್ಕಾರದ ನಿಯಮ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದಿದೆ. ಆದರೂ ತೆರಿಗೆ, ಕಾರು ನಿಲುಗಡೆ ಮತ್ತು ಬೆಳಗಿನ ತಿಂಡಿ ಅದರ ಹೊರಗಿರಬಹುದು. ಬಂದಿಳಿದಾಗ ಕಾರ್ಡಿನ ಮೇಲೆ ಒಂದಷ್ಟು ಮೊತ್ತವನ್ನು ತಡೆಹಿಡಿಯುವುದು ರೂಢಿಯಾದ್ದರಿಂದ ಡೆಬಿಟ್ ಕಾರ್ಡಿಗಿಂತ ಕ್ರೆಡಿಟ್ ಕಾರ್ಡ್ ಉತ್ತಮ. ಸಾಮಾನು ಹೊರುವವರಿಗೆ ಮತ್ತು ಕೊಠಡಿ ಶುಚಿಗೊಳಿಸುವವರಿಗೆ ಟಿಪ್ಸ್ ಕೊಡಲು ಒಂದು, ಐದು ಡಾಲರ್ ನೋಟುಗಳು ಕೈಯಲ್ಲಿರಬೇಕು.

ಇಂಥ ಹೋಟೆಲುಗಳ ಚರಿತ್ರೆಯನ್ನು ಓದುವಾಗ ಯಾರಿಗೆ ಅಲ್ಲಿ ಪ್ರವೇಶವಿರಲಿಲ್ಲ ಎಂಬುದನ್ನೂ ಕೇಳಬೇಕು. ಜನಾಂಗ ಪ್ರತ್ಯೇಕತೆಯ ಕಾಲದಲ್ಲಿ ದಕ್ಷಿಣದ ವೈಭವದ ಹೋಟೆಲುಗಳಲ್ಲಿ ಕಪ್ಪು ಜನರು ದುಡಿಯುತ್ತಿದ್ದರು, ತಂಗುವಂತಿರಲಿಲ್ಲ. ಅದರಿಂದಾಗಿಯೇ ಮೆಂಫಿಸ್ಸಿನ ಲೊರೇನ್ ಮೋಟೆಲಿನಂಥ ಸಾಧಾರಣ ತಂಗುದಾಣಗಳು ಅವರ ಚರಿತ್ರೆಯ ಭಾಗವಾದವು. ಕಿಂಗ್ 1968ರ ಏಪ್ರಿಲ್ 4ರಂದು ಹತ್ಯೆಗೀಡಾದದ್ದು ಅದರ ಬಾಲ್ಕನಿಯಲ್ಲಿ, ಮತ್ತು ಈಗ ಅಲ್ಲಿ ರಾಷ್ಟ್ರೀಯ ನಾಗರಿಕ ಹಕ್ಕುಗಳ ವಸ್ತುಸಂಗ್ರಹಾಲಯವಿದೆ. ಮೆಂಫಿಸ್ಸಿನ ಹಳೆಯ ಹೋಟೆಲಿನಲ್ಲಿ ತಂಗುವವರು ಅರ್ಧ ದಿನವನ್ನು ಅದಕ್ಕೆ ಮೀಸಲಿಡಬೇಕು. ಬಾಡಿಗೆ ಕೈಗೆಟುಕದಿದ್ದರೂ ಬೇಸರಪಡಬೇಕಾಗಿಲ್ಲ: ಹತ್ತಿರದ ಸಾಧಾರಣ ಹೋಟೆಲಿನಲ್ಲಿ ಉಳಿದು, ವಿಲ್ಲರ್ಡ್‌ನಲ್ಲಿ ಅದರ ಚರಿತ್ರೆಯನ್ನು ಹೇಳುವ ಪ್ರದರ್ಶನವನ್ನು ನೋಡಬಹುದು, ಪಾರ್ಕರ್ ಹೌಸ್‌ನಲ್ಲಿ ಒಂದು ಹೊತ್ತಿನ ಊಟ ಮಾಡಬಹುದು, ಫೇರ್‌ಮಾಂಟಿನ ಲಾಬಿಯಲ್ಲಿ ಕಾಫಿ ಕುಡಿಯಬಹುದು. ಹಗಲಿನಲ್ಲಿ, ಸಮಾರಂಭಗಳಿಲ್ಲದ ಹೊತ್ತಿನಲ್ಲಿ, ಸ್ವಾಗತ ಕಟ್ಟೆಯ ಸಿಬ್ಬಂದಿಯನ್ನು ವಿನಯದಿಂದ ಕೇಳಿದರೆ ಖಾಲಿಯಿರುವ ಸಭಾಂಗಣವನ್ನು ತೋರಿಸಲೂಬಹುದು.