ಸರೋವರ, ಬೆಟ್ಟ, ಬಿಸಿನೀರಿನ ಬುಗ್ಗೆ: ಮನೆಮಂದಿಯೆಲ್ಲ ಕಾರಿನಲ್ಲಿ ಹೊರಡುವ ಮುಂಚೆ

ಇಂಥ ಪ್ರವಾಸಕ್ಕೆ ದಾರಿ ಹಾಕುವಾಗ ಎಲ್ಲರೂ ಕಿಲೋಮೀಟರ್ ಲೆಕ್ಕ ಹಾಕುತ್ತಾರೆ. ನೀವು ಮೊದಲು ಎತ್ತರ ನೋಡಿ. ಪ್ರತಿ ರಾತ್ರಿ ಮಲಗುವ ಜಾಗ ಸಮುದ್ರಮಟ್ಟದಿಂದ ಎಷ್ಟು ಮೇಲಿದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಅಷ್ಟು ಮಾಡಿದರೆ ದಾರಿ ಎಲ್ಲಿ ತಪ್ಪಿದೆ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಆದಷ್ಟೂ ಈ ಕ್ರಮ ಇಟ್ಟುಕೊಳ್ಳಿ: ಮೊದಲು ತಗ್ಗಿನ ಸರೋವರ, ಆಮೇಲೆ ಬೆಟ್ಟ, ಕೆಳಗಿಳಿದ ಮೇಲೆ ಬಿಸಿನೀರು. ಸುಮಾರು 2,500 ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಯಾರಿಗೆ ಬೇಕಾದರೂ ಶುರುವಾಗಬಹುದು, ಗಟ್ಟಿಮುಟ್ಟಾದವರಿಗೂ. 3,000 ಮೀಟರ್ ಆದ ಮೇಲೆ ಒಂದು ರಾತ್ರಿಯಿಂದ ಇನ್ನೊಂದು ರಾತ್ರಿಗೆ ಮಲಗುವ ಎತ್ತರ 500 ಮೀಟರ್‌ಗಿಂತ ಜಾಸ್ತಿ ಏರದ ಹಾಗೆ ನೋಡಿಕೊಳ್ಳಿ. ಹಗಲಲ್ಲಿ ಇನ್ನೂ ಮೇಲಿನ ಕಣಿವೆ ದಾಟಿ ಬಂದು ಕೆಳಗೆ ಮಲಗಿದರೆ ಪರವಾಗಿಲ್ಲ. ಯಾರಿಗಾದರೂ ತಲೆನೋವು ಹೆಚ್ಚುತ್ತಾ ಹೋದರೆ, ನಡಿಗೆ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಕೆಳಗಿಳಿದು ವೈದ್ಯರಿಗೆ ತೋರಿಸಿ. ಚಿಕ್ಕ ಮಕ್ಕಳಿಗೆ ಏನಾಗುತ್ತಿದೆ ಅಂತ ಹೇಳಲು ಬರುವುದಿಲ್ಲ. ಸುಮ್ನೆ ರಚ್ಚೆ ಹಿಡಿಯುತ್ತವೆ, ಊಟ ಬಿಡುತ್ತವೆ. ಅದನ್ನು ಹಟ ಅಂದುಕೊಂಡು ಬಿಟ್ಟುಬಿಡಬೇಡಿ.

ಘಾಟಿ ತಿರುವುಗಳಲ್ಲಿ ವಾಂತಿಯ ಕಾಟ ಜಾಸ್ತಿ ಆಗುವುದು ಸುಮಾರು 2ರಿಂದ 12 ವರ್ಷದ ಮಕ್ಕಳಿಗೆ. ಕಣ್ಣಿಗೆ ಕಾರಿನ ಒಳಗೆಲ್ಲ ನಿಂತ ಹಾಗೆ ಕಾಣುತ್ತದೆ, ಒಳಗಿವಿಗೆ ಮಾತ್ರ ಕಾರು ತಿರುಗುವುದು ಗೊತ್ತಾಗುತ್ತದೆ, ಈ ಜಗಳಕ್ಕೇ ಹೊಟ್ಟೆ ತೊಳಸುವುದು. ಹಾಗಾಗಿ ಘಾಟಿಯಲ್ಲಿ ಮೊಬೈಲೂ ಬೇಡ, ಪುಸ್ತಕವೂ ಬೇಡ, ದೂರದ ಬೆಟ್ಟ ನೋಡಲಿ. ಮಾತ್ರೆ ಕೊಡುವುದಾದರೆ ವೈದ್ಯರನ್ನು ಕೇಳಿ ಹೊರಡುವ ಮುಂಚೆಯೇ ಕೊಡಿ, ವಾಂತಿ ಶುರುವಾದ ಮೇಲೆ ಕೊಟ್ಟರೆ ಅಷ್ಟು ಉಪಯೋಗವಿಲ್ಲ.

ಹತ್ತುವಾಗ ಎಲ್ಲರೂ ಹುಷಾರಾಗಿರುತ್ತಾರೆ. ನಿಜವಾದ ಅಪಾಯ ಇಳಿಯುವಾಗ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಉದ್ದದ ಘಾಟಿ ಇಳಿದರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಯಾವ ಗೇರಿನಲ್ಲಿ ಹತ್ತುತ್ತಿದ್ದಿರೋ ಹೆಚ್ಚುಕಡಿಮೆ ಅದೇ ಗೇರಿನಲ್ಲಿ ಇಳಿಯಿರಿ, ಇಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಆಟೋಮ್ಯಾಟಿಕ್ ಗಾಡಿಯಲ್ಲೂ ಕೆಳಗಿನ ಗೇರು ಹಾಕುವ ವ್ಯವಸ್ಥೆ ಇರುತ್ತದೆ, ಅದು ಎಲ್ಲಿದೆ ಅಂತ ಮನೆಯಲ್ಲೇ ನೋಡಿಕೊಂಡು ಹೊರಡಿ. ಸುಟ್ಟ ವಾಸನೆ ಬಂದರೆ ಜಾಗ ನೋಡಿ ನಿಲ್ಲಿಸಿ, ತಾನಾಗಿ ಆರಲು ಬಿಡಿ. ನೀರು ಮಾತ್ರ ಸುರಿಯಬೇಡಿ, ಕಾದ ಡಿಸ್ಕ್ ಬಿರುಕು ಬಿಡಬಹುದು.

ಸರೋವರದ ವಿಷಯಕ್ಕೆ ಬಂದರೆ, ಮೇಲಿನ ನೀರು ಬೆಚ್ಚಗಿದೆ ಅಂತ ನಂಬಬೇಡಿ. ಬೆಟ್ಟದ ಸರೋವರಗಳಲ್ಲಿ ಸ್ವಲ್ಪ ಕೆಳಗೇ ನೀರು ಕೊರೆಯುತ್ತಿರುತ್ತದೆ, ಥಟ್ಟನೆ ಇಳಿದರೆ ಉಸಿರು ಸಿಕ್ಕಿಕೊಳ್ಳುತ್ತದೆ, ಚೆನ್ನಾಗಿ ಈಜುವವರಿಗೂ ಕೈಕಾಲು ಆಡುವುದಿಲ್ಲ. ಮಕ್ಕಳಿಗೆ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಬೇಕೇ ಬೇಕು. ಗಾಳಿ ತುಂಬಿದ ಟ್ಯೂಬ್ ಅದಕ್ಕೆ ಸಮ ಅಲ್ಲ, ಗಾಳಿ ಬೀಸಿದ ಕಡೆ ತೇಲಿಕೊಂಡು ಹೋಗುತ್ತದೆ.

ಇನ್ನು ಬಿಸಿನೀರಿನ ಬುಗ್ಗೆ, ಎಲ್ಲರೂ ಕಾಯುವ ಜಾಗ. ಇದನ್ನು ದಿನದ ಕೊನೆಗೆ ಇಡಿ, ರಾತ್ರಿ ಅಲ್ಲೇ ಹತ್ತಿರ ಉಳಿಯಿರಿ. ಬಿಸಿನೀರಿನಲ್ಲಿ ಕೂತರೆ ರಕ್ತನಾಳ ಹಿಗ್ಗಿ ರಕ್ತದೊತ್ತಡ ಇಳಿಯುತ್ತದೆ, ಮೈ ಸಡಿಲವಾಗಿ ನಿದ್ದೆ ಎಳೆಯುತ್ತದೆ. ಅಷ್ಟಾದ ಮೇಲೆ ಮತ್ತೆ ಸ್ಟೀರಿಂಗ್ ಹಿಡಿಯುವುದು ಯಾಕೆ, ಅಲ್ವಾ? ನೀರು 40 ಡಿಗ್ರಿ ಸೆಲ್ಸಿಯಸ್ ದಾಟದಿದ್ದರೆ ಒಳ್ಳೆಯದು, ಒಂದು ಚಿಕ್ಕ ಥರ್ಮಾಮೀಟರ್ ಜೊತೆಗಿರಲಿ. ಹತ್ತು ಹದಿನೈದು ನಿಮಿಷಕ್ಕೆ ಎದ್ದು ಬಂದು ನೀರು ಕುಡಿಯಿರಿ, ಏಳುವಾಗ ನಿಧಾನ, ತಲೆ ಸುತ್ತುತ್ತದೆ. ಐದು ವರ್ಷದೊಳಗಿನ ಮಕ್ಕಳನ್ನು ಇಳಿಸಬೇಡಿ, ಅವರ ಪುಟ್ಟ ಮೈ ಬೇಗ ಕಾಯುತ್ತದೆ. ಅಂಚಿನಲ್ಲಿ ಕೂರಿಸಿಕೊಂಡು ಉಗುರುಬೆಚ್ಚನೆ ನೀರು ಹುಯ್ದರೆ ಅವರಿಗೂ ಖುಷಿ. ಬಸುರಿಯರು, ಹೃದಯದ ತೊಂದರೆ ಇರುವವರು, ಬಿಪಿ ಮಾತ್ರೆ ತೆಗೆದುಕೊಳ್ಳುವ ಹಿರಿಯರು ವೈದ್ಯರನ್ನು ಕೇಳಿಯೇ ಇಳಿಯಲಿ. ಮದ್ಯ ಕುಡಿದಂತೂ ಇಳಿಯಲೇಬಾರದು.

ತಲೆ ಮುಳುಗಿಸಬೇಡಿ, ಮೂಗಿಗೆ ನೀರು ಹೋಗದ ಹಾಗೆ ನೋಡಿಕೊಳ್ಳಿ. ಬೆಚ್ಚನೆಯ ಸಿಹಿನೀರಿನಲ್ಲಿ ನೆಗ್ಲೇರಿಯಾ ಫೌಲೆರಿ ಅನ್ನುವ ಅಮೀಬಾ ಇರಬಹುದು, ಮೂಗಿನ ಮೂಲಕ ಮೆದುಳಿಗೆ ಹತ್ತಿದರೆ ಉಳಿಯುವವರು ತೀರಾ ಕಡಿಮೆ. ಬಹಳ ಅಪರೂಪದ ಕಾಯಿಲೆ, ನಿಜ, ಆದರೆ ತಲೆ ಮೇಲಿಟ್ಟುಕೊಳ್ಳುವುದಕ್ಕೆ ಕಷ್ಟವೇನಿಲ್ಲ. ಬೆಳ್ಳಿ ಸರ, ಕಾಲ್ಗೆಜ್ಜೆ ಬಿಚ್ಚಿಡಿ, ಗಂಧಕ ಇರುವ ನೀರಿಗೆ ಕಪ್ಪಾಗುತ್ತವೆ.

ಸ್ನಾನಕ್ಕೆ ಅಂತ ಗುರುತು ಮಾಡಿದ ಕೊಳ ಬಿಟ್ಟು ಬೇರೆ ಯಾವ ಬುಗ್ಗೆಯ ಹತ್ತಿರವೂ ಹೋಗಬೇಡಿ. ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದಲ್ಲಿ ಬೇರೆ ಯಾವ ನೈಸರ್ಗಿಕ ತಾಣಕ್ಕಿಂತ ಹೆಚ್ಚು ಜನ ಗಾಯಗೊಂಡಿರುವುದು, ಸತ್ತಿರುವುದು ಬಿಸಿನೀರಿನ ಬುಗ್ಗೆಗಳಿಂದಲೇ. ಅಂಚಿನ ನೆಲ ಗಟ್ಟಿಯಾಗಿ ಕಾಣುತ್ತದೆ, ಒಳಗೆ ತೆಳು ಪದರ, ಕೆಳಗೆ ಕುದಿಯುವ ನೀರು. ಇಂಥ ಕಡೆ ಕಾರಿನಿಂದ ಇಳಿಯುವ ಮೊದಲೇ ಯಾವ ಮಗುವಿನ ಕೈ ಯಾರು ಹಿಡಿಯಬೇಕು ಅಂತ ಹೆಸರು ಹೇಳಿ ಹಂಚಿಕೊಳ್ಳಿ. ಎಲ್ಲರೂ ನೋಡಿಕೊಳ್ಳುತ್ತಾರೆ ಅಂದುಕೊಂಡಾಗಲೇ ಯಾರೂ ನೋಡದೇ ಹೋಗುವುದು.