ಮನೆಯ ಲ್ಯಾಪ್‌ಟಾಪ್‌ಗೆ ಯಾವ ಲಿನಕ್ಸ್, ಆಫೀಸ್ ಸರ್ವರ್‌ಗೆ ಯಾವುದು?

ಲಿನಕ್ಸ್ ಅಂದರೆ ವಿಂಡೋಸ್ ಬದಲು ಹಾಕಬಹುದಾದ ಆಪರೇಟಿಂಗ್ ಸಿಸ್ಟಮ್, ಅದರಲ್ಲಿ ಮಿಂಟ್, ಉಬುಂಟು, ಫೆಡೋರಾ, ಡೆಬಿಯನ್ ಅಂತ ಹಲವು ಬಗೆ. ಯಾವ ಲಿನಕ್ಸ್ ಒಳ್ಳೆಯದು ಅಂತ ಹುಡುಕೋ ಮೊದಲು, ಆ ಮಷಿನ್‌ನಲ್ಲಿ ದಿನಾ ಏನು ಕೆಲಸ ನಡೆಯುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ ಲೆಕ್ಕವೆಲ್ಲ ಟ್ಯಾಲಿಯಲ್ಲಿದೆಯಾ? ಗದಗಿನ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಕೋರಲ್ ಡ್ರಾ ಇಲ್ಲದೆ ಒಂದು ಲಗ್ನಪತ್ರಿಕೆಯೂ ಆಗಲ್ವಾ? ಇವೆರಡೂ ಲಿನಕ್ಸ್‌ಗೆ ಅಂತ ಸಿಗುವುದಿಲ್ಲ, ಹಾಗಾಗಿ ಆ ಮಷಿನ್ ಮುಟ್ಟಬೇಡಿ. ಬ್ರೌಸರ್, ಪತ್ರ, ಎಕ್ಸೆಲ್ ಥರದ ಶೀಟು, ವಿಡಿಯೋ ಇಷ್ಟೇ ಇದ್ದರೆ ಧೈರ್ಯವಾಗಿ ಬದಲಾಯಿಸಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಹಿಡಿಯದ ಎಷ್ಟೋ ಗಟ್ಟಿ ಲ್ಯಾಪ್‌ಟಾಪ್‌ಗಳು ಸುಮ್ನೆ ಮೂಲೆ ಸೇರುತ್ತಿವೆ. ಅದು ನನಗೆ ನಿಜವಾಗಿ ಬೇಸರದ ವಿಷಯ.

ಮನೆಗೆ ನನ್ನ ಆಯ್ಕೆ ಲಿನಕ್ಸ್ ಮಿಂಟ್. ಮೆನು, ಟಾಸ್ಕ್‌ಬಾರ್ ಎಲ್ಲ ವಿಂಡೋಸ್‌ನವರ ಕೈ ಹೋಗೋ ಜಾಗದಲ್ಲೇ ಇರುತ್ತವೆ. 4 ಜಿಬಿ ರ್‍ಯಾಮ್ ಇದ್ದರೆ ಸಿನಮನ್ ಎಂಬ ಡೆಸ್ಕ್‌ಟಾಪ್ (ಮೆನು, ಕಿಟಕಿಗಳಿರುವ ಪರದೆ) ಇರುವ ಮಿಂಟ್ ಸಾಕು, ಅದಕ್ಕಿಂತ ಕಡಿಮೆ ಇದ್ದರೆ ಹಗುರವಾದ ಎಕ್ಸ್‌ಎಫ್‌ಸಿಇ ಹಾಕಿ. ಮಿಂಟ್ 22 ನಿಂತಿರುವುದು ಉಬುಂಟು 24.04ರ ಮೇಲೆ, 2029ರವರೆಗೆ ಅಪ್‌ಡೇಟ್ ಬರುತ್ತದೆ. ಈಗಷ್ಟೇ ಬಂದ ಹೊಸ ಲ್ಯಾಪ್‌ಟಾಪ್ ಆದರೆ ಫೆಡೋರಾ ನೋಡಬಹುದು, ಆದರೆ ಒಂದು ಆವೃತ್ತಿಯ ಆಯುಷ್ಯ ಸುಮಾರು 13 ತಿಂಗಳು ಮಾತ್ರ. ಆರ್ಚ್ ಎಂಬ ಇನ್ನೊಂದು ಲಿನಕ್ಸ್, ಕಲಿಯುವ ಆಸೆ ಇರುವವರಿಗೆ ಚೆನ್ನಾಗಿದೆ, ಅಪ್ಪನ ಮಷಿನ್‌ಗೆ ಬೇಡ.

ಹಾಕೋ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ. ಐಎಸ್ಒ (ಇಡೀ ಲಿನಕ್ಸ್ ಇರುವ ಫೈಲು) ಇಳಿಸಿಕೊಂಡು ರೂಫಸ್ ಅಥವಾ ವೆಂಟಾಯ್ ಎಂಬ ಸಾಫ್ಟ್‌ವೇರ್‌ನಿಂದ ಅದನ್ನು ಪೆನ್‌ಡ್ರೈವ್‌ಗೆ ಹಾಕಿ, ಮಷಿನ್ ಅದರಿಂದಲೇ ಶುರುವಾಗುವಂತೆ ಬೂಟ್ ಮಾಡಿ, ಇನ್‌ಸ್ಟಾಲ್ ಒತ್ತದೆ ಒಂದು ತಾಸು ಮಾಮೂಲಿ ಕೆಲಸ ಮಾಡಿ. ವೈಫೈ ಹಿಡಿಯಿತಾ? ಲ್ಯಾಪ್‌ಟಾಪ್ ಮುಚ್ಚಿ, ಐದು ನಿಮಿಷ ಬಿಟ್ಟು ತೆಗೆಯಿರಿ. ಸ್ಕ್ರೀನ್ ಬಂತಾ, ವೈಫೈ ಮತ್ತೆ ಸೇರಿತಾ, ಸೌಂಡ್ ಇದೆಯಾ? ಪ್ರಿಂಟರ್‌ನಿಂದ ಒಂದು ಹಾಳೆ ತೆಗೆಯಿರಿ. ಝೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900 ಇದ್ದರೆ ಇದನ್ನೇ ಮೊದಲು ನೋಡಿ, ಅದಕ್ಕೆ ಬೇರೆ ಡ್ರೈವರ್ ಬೇಕು.

ಕನ್ನಡ ಟೈಪಿಂಗ್‌ಗೆ ಐಬಸ್ (ಬೇರೆ ಬೇರೆ ಭಾಷೆಯಲ್ಲಿ ಟೈಪ್ ಮಾಡಿಸುವ ಸಾಫ್ಟ್‌ವೇರ್) ಜೊತೆ ಕೀಲಿಮಣೆಗಳ ಸಂಗ್ರಹವಾದ ಎಮ್17ಎನ್ ಹಾಕಿ ಕೆಜಿಪಿ ಕೀಲಿಮಣೆ ವಿನ್ಯಾಸ ಆರಿಸಿ, ನುಡಿಯಲ್ಲಿ ಕುಟ್ಟಿದ ಬೆರಳಿಗೆ ಅದೇ ಕೀಲಿಗಳು ಸಿಗುತ್ತವೆ. ಆದರೆ ಯೂನಿಕೋಡ್ (ಎಲ್ಲ ಮಷಿನ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೇ ನುಡಿ ಫೈಲುಗಳು ಇಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ವಿಂಡೋಸ್ ಅಳಿಸುವ ಮೊದಲೇ ಅವನ್ನು ಯೂನಿಕೋಡ್‌ಗೆ ಬದಲಿಸಿ ಇಟ್ಟುಕೊಳ್ಳಿ.

ಸರ್ವರ್ ಮಾತು ಬೇರೆ. ಅಲ್ಲಿ ಹೊಸತು ಬೇಡ, ವರ್ಷಗಟ್ಟಲೆ ಅಲುಗಾಡದೆ ನಿಲ್ಲೋದು ಬೇಕು. ರೆಡ್ ಹ್ಯಾಟ್ ಕಂಪನಿಯ ಸರ್ವರ್ ಲಿನಕ್ಸ್‌ನ ಉಚಿತ ರೂಪವಾಗಿದ್ದ ಸೆಂಟ್ಒಎಸ್ 8ಕ್ಕೆ 2029ರವರೆಗೆ ಬೆಂಬಲ ಅಂತ ನಂಬಿ ಕೂತವರಿಗೆ 2020ರ ಡಿಸೆಂಬರ್‌ನಲ್ಲಿ ಬಂದ ಸುದ್ದಿ ಏನು ಗೊತ್ತಾ, 2021ರ ಕೊನೆಗೇ ಮುಕ್ತಾಯ ಅಂತ. ಅದರ ಜಾಗ ತುಂಬಲು ಬಂದವೇ ಆಲ್ಮಾ ಮತ್ತು ರಾಕಿ. ನಿಮ್ಮ ಸಾಫ್ಟ್‌ವೇರ್ ಕೊಟ್ಟವರು ರೆಡ್ ಹ್ಯಾಟ್ ಬೇಕು ಅಂದರೆ ಇವೆರಡರಲ್ಲಿ ಒಂದು ಹಾಕಿ. ಇಲ್ಲದಿದ್ದರೆ ಡೆಬಿಯನ್ ಸ್ಟೇಬಲ್: 3 ವರ್ಷ ಪೂರ್ತಿ ಬೆಂಬಲ, ಮೇಲೆ 2 ವರ್ಷ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲ). ಉಬುಂಟು ಎಲ್‌ಟಿಎಸ್‌ಗೂ 5 ವರ್ಷ ಇದೆ, ಸ್ವಂತ ಬಳಕೆಗೆ ಉಬುಂಟು ಪ್ರೊ ಎಂಬ ಹೆಚ್ಚುವರಿ ಬೆಂಬಲ 5 ಮಷಿನ್‌ವರೆಗೆ ಉಚಿತ, ಆಗ ಅದೇ 10 ವರ್ಷ ಆಗುತ್ತದೆ.

ಧಾರವಾಡದ ಕೋಚಿಂಗ್ ಕ್ಲಾಸಿನ ಮೂಲೆಯಲ್ಲಿ ಇಡುವ ಹಳೇ ಪಿಸಿಗೆ ಡೆಬಿಯನ್ ಧಾರಾಳ ಸಾಕು. ಡೆಸ್ಕ್‌ಟಾಪ್ ಹಾಕಬೇಡಿ, ಬೇರೆ ಮಷಿನ್‌ನಿಂದ ಒಳಬರಲು ಬೇಕಾದ ಎಸ್‌ಎಸ್‌ಎಚ್ ಮಾತ್ರ ಇರಲಿ, ಸೆಕ್ಯುರಿಟಿ ಅಪ್‌ಡೇಟ್ ತಾನಾಗೇ ಬರುವ ಹಾಗೆ ಮಾಡಿ. ಯುಪಿಎಸ್ ಜೋಡಿಸಿ, ಬಯೋಸ್‌ನಲ್ಲಿ (ಮಷಿನ್ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್ ಪುಟ) ಕರೆಂಟ್ ಬಂದ ಕೂಡಲೇ ಮಷಿನ್ ತಾನೇ ಆನ್ ಆಗುವ ಸೆಟ್ಟಿಂಗ್ ಇದ್ದರೆ ಹಾಕಿಬಿಡಿ. ಬೆಂಬಲ ಮುಗಿಯುವ ತಿಂಗಳು, ವರ್ಷ ಬರೆದು ಕ್ಯಾಬಿನೆಟ್ ಮೇಲೆ ಅಂಟಿಸಿ.